ಬೀದಿಯ ಅಂಗಡಿಗಳಿಗೆ ಬಡಾವಣೆ ಸಂಘ ನಿಜವಾಗಿ ಏನು ಮಾಡಬಹುದು

ಕೆಲವು ವರ್ಷದ ಹಿಂದಿನ ಮಾತು. ಫುಟ್‌ಪಾತ್ ಮೇಲೆ ಗಾಡಿಗಳು ಜಾಸ್ತಿಯಾಗಿವೆ, ಓಡಾಡೋಕೆ ಜಾಗ ಇಲ್ಲ ಅಂತ ನಮ್ಮ ಸಂಘದಿಂದ ಒಂದು ದೂರು ಹೋಯಿತು. ಸಹಿ ಹಾಕಿದವರಲ್ಲಿ ನಾನೂ ಒಬ್ಬ. ಮೂರನೇ ದಿನ ಬೆಳಗ್ಗೆ ಲಾರಿ ಬಂತು. ನಮಗೆ ಅಡ್ಡವಾಗಿದ್ದು ಮೇನ್ ರೋಡ್ ತಿರುವಿನಲ್ಲಿ ನಿಲ್ಲುತ್ತಿದ್ದ ಎರಡು ಗಾಡಿ. ಲಾರಿಯವರು ಎತ್ತಿಕೊಂಡು ಹೋಗಿದ್ದು ಒಳರಸ್ತೆಯ ಹೊಂಗೆ ಮರದ ಕೆಳಗೆ, ಯಾರ ತಂಟೆಗೂ ಹೋಗದೆ ನಿಂತಿದ್ದ ಇಸ್ತ್ರಿ ಗಾಡಿ. ಅದರ ಮೇಲೆ ನಮ್ಮದೇ ಬೀದಿಯ ಹನ್ನೆರಡು ಮನೆಯ ಬಟ್ಟೆ ಗಂಟುಗಳಿದ್ದವು. ನನ್ನ ಎರಡು ಶರ್ಟ್ ಕೂಡ.

ಸಣ್ಣ ವ್ಯಾಪಾರಿಗಳಿಗೆ ಏನಾದರೂ ಮಾಡೋಣ ಅಂತ ಹೊರಟ ಸಂಘಗಳು ಸಾಮಾನ್ಯವಾಗಿ ಮೇಳ, ಬ್ಯಾನರ್, ಉದ್ಘಾಟನೆ, ಶಾಲು ಹೊದಿಸುವುದು ಅಂತ ಶುರು ಮಾಡುತ್ತವೆ. ನಾವೂ ಹಾಗೇ ಮಾಡಿದ್ದೆವು. ಈಗ ನನಗೆ ಅನ್ನಿಸುವುದು ಬೇರೆ. ಮೊದಲು ಸಂಘವೇ ಅವರಿಗೆ ಕೊಡುತ್ತಿರುವ ತೊಂದರೆ ನಿಲ್ಲಿಸಬೇಕು. ಆಮೇಲೆ ಸಂಘದ ದುಡ್ಡು ಬೀದಿಯಲ್ಲೇ ಖರ್ಚಾಗಬೇಕು, ಅದೂ ಹೊತ್ತಿಗೆ ಸರಿಯಾಗಿ. ಅದಾದ ಮೇಲೆ ಕಾಗದ ಪತ್ರ. ಮೇಳ ಗೀಳ ಎಲ್ಲಾ ಕೊನೆಗೆ. ಇದನ್ನೆಲ್ಲ ಬೆಂಗಳೂರಿನ ಬಡಾವಣೆಗಳನ್ನು ಮನಸ್ಸಲ್ಲಿಟ್ಟುಕೊಂಡು ಬರೆಯುತ್ತಿದ್ದೇನೆ. ಮೈಸೂರು, ಹುಬ್ಬಳ್ಳಿ, ಶಿವಮೊಗ್ಗದವರೂ ತಮಗೆ ಬೇಕಾದ್ದು ತೆಗೆದುಕೊಳ್ಳಬಹುದು.

ಒಂದು ಸುತ್ತು ಹಾಕಿ ಬನ್ನಿ

ಇಬ್ಬರು ಸಾಕು, ಒಂದು ನೋಟ್‌ಬುಕ್ ಸಾಕು. ಬೆಳಗ್ಗೆ ಹೋಗಬೇಡಿ, ಸಂಜೆಯೂ ಬೇಡ, ಎರಡೂ ವ್ಯಾಪಾರದ ಹೊತ್ತು. ಮಧ್ಯಾಹ್ನ ಮೂರಕ್ಕೆ ಹೋಗಿ, ಗಲ್ಲಾಪೆಟ್ಟಿಗೆ ಹಿಂದೆ ಕೂತು ಆಕಳಿಸುತ್ತಿರುತ್ತಾರೆ, ಮಾತಿಗೆ ಸಿಗುತ್ತಾರೆ. ಅಧ್ಯಕ್ಷರು, ಕಾರ್ಯದರ್ಶಿ ಅಂತ ಏಳೆಂಟು ಜನ ಗುಂಪಾಗಿ ಹೋದರೆ ಚಂದಾ ಕೇಳೋಕೆ ಬಂದಿದ್ದಾರೆ ಅಂದುಕೊಂಡು ಷಟರ್ ಅರ್ಧ ಎಳೆಯುತ್ತಾರೆ. ಇದು ತಮಾಷೆಗೆ ಹೇಳಿದ್ದಲ್ಲ, ನಮ್ಮ ಹಾರ್ಡ್‌ವೇರ್ ಅಂಗಡಿಯವರು ಎಳೆದಿದ್ದಾರೆ.

‘ನಿಮಗೇನು ಸಹಾಯ ಬೇಕು’ ಅಂತ ಕೇಳಲೇಬೇಡಿ. ‘ಏನೂ ಬೇಡ ಸಾರ್, ನಿಮ್ಮಂಥೋರ ಆಶೀರ್ವಾದ ಇದ್ರೆ ಸಾಕು’ ಅಂತ ಉತ್ತರ ಬರುತ್ತದೆ, ಮಾತು ಅಲ್ಲಿಗೆ ಮುಗಿಯುತ್ತದೆ. ಸಣ್ಣ ಸಣ್ಣದು ಕೇಳಿ. ವಾರದಲ್ಲಿ ಯಾವ ದಿನ ವ್ಯಾಪಾರ ಡಲ್? ಬಾಕಿ ಉಳಿಸಿಕೊಂಡಿರೋರು ಜಾಸ್ತಿ ಇದ್ದಾರಾ? ಸಾಮಾನು ಎಲ್ಲಿಂದ ತರ್ತೀರಿ, ಬಂಡವಾಳ ಎಲ್ಲಿಂದ? ಕರೆಂಟ್ ಹೋದರೆ ಏನು ಮಾಡ್ತೀರಿ? ನೀರು, ಟಾಯ್ಲೆಟ್ ಎಲ್ಲಿ?

ಈ ಕೊನೆಯ ಪ್ರಶ್ನೆ ನಮ್ಮ ಜೊತೆ ಬಂದಿದ್ದ ಒಬ್ಬ ಮೇಡಂ ಕೇಳಿದ್ದು, ನನಗೆ ಹೊಳೆದೇ ಇರಲಿಲ್ಲ. ದೇವಸ್ಥಾನದ ಪಕ್ಕ ಹೂವು ಕಟ್ಟುವ ಅಕ್ಕ ಬೆಳಗ್ಗೆ ಐದೂವರೆಗೆ ಬಂದು ಕೂರುತ್ತಾರೆ. ಮಧ್ಯಾಹ್ನ ಒಂದು ಗಂಟೆಗೆ ಮನೆಗೆ ಹೋಗುವ ತನಕ ನೀರೇ ಕುಡಿಯುವುದಿಲ್ಲವಂತೆ. ಕುಡಿದರೆ ಹೋಗೋಕೆ ಜಾಗ ಇಲ್ಲ. ಅವರು ಕೂತ ಜಾಗದಿಂದ ಮೂವತ್ತು ಹೆಜ್ಜೆ ದೂರದಲ್ಲಿ ನಮ್ಮ ಸಂಘದ ಕಚೇರಿ. ಅದರಲ್ಲಿ ಟೈಲ್ಸ್ ಹಾಕಿಸಿದ ಟಾಯ್ಲೆಟ್. ತಿಂಗಳಿಗೆ ಒಂದು ಸಲ ಸಭೆ ಇದ್ದಾಗ ಮಾತ್ರ ಬೀಗ ತೆಗೆಯುತ್ತಿದ್ದೆವು. ಒಂದು ಕೀ ಮಾಡಿಸಿ ಕೊಟ್ಟೆವು, ಈಗ ಆ ಅಕ್ಕ, ಪಕ್ಕದ ಸೊಪ್ಪಿನ ಅಜ್ಜಿ, ಪೌರಕಾರ್ಮಿಕರು ಎಲ್ಲರೂ ಬಳಸುತ್ತಾರೆ. ಸ್ವಚ್ಛವಾಗಿಡುವುದು ಅವರೇ, ಫಿನಾಯಿಲ್ ಸಂಘದ್ದು. ನಮ್ಮ ಸಂಘ ಇಷ್ಟು ವರ್ಷದಲ್ಲಿ ಮಾಡಿದ ಅತಿ ಅಗ್ಗದ ಕೆಲಸ ಇದು, ಬಹುಶಃ ಅತಿ ಒಳ್ಳೆಯದೂ.

ಸಂಘದ ದುಡ್ಡು ಎಲ್ಲಿಗೆ ಹೋಗುತ್ತಿದೆ ನೋಡಿ

ಹೋದ ವರ್ಷದ ಬಿಲ್‌ಗಳ ಫೈಲ್ ತೆಗೆದು ಮೇಜಿನ ಮೇಲೆ ಹರಡಿ. ಗಣೇಶೋತ್ಸವ, ರಾಜ್ಯೋತ್ಸವ, ವಾರ್ಷಿಕ ಸಭೆಯ ತಿಂಡಿ, ಶಾಮಿಯಾನ, ಮೈಕು, ಕರಪತ್ರದ ಪ್ರಿಂಟಿಂಗ್, ಜೆರಾಕ್ಸ್, ಪೇಂಟು, ಪ್ಲಂಬರ್. ಪ್ರತಿ ಬಿಲ್ಲಿನ ಮುಂದೆ ನಮ್ಮ ಬೀದಿಯದಾ ಹೊರಗಿನದಾ ಅಂತ ಪೆನ್ಸಿಲ್‌ನಲ್ಲಿ ಬರೆಯುತ್ತಾ ಹೋಗಿ. ನಮ್ಮಲ್ಲಿ ಹೊರಗಿನದೇ ಜಾಸ್ತಿ ಇತ್ತು. ಮೂಲೆಯಲ್ಲಿ ದರ್ಶಿನಿ ಇಟ್ಟುಕೊಂಡು ವಾರ್ಷಿಕ ಸಭೆಯ ಕೇಸರಿಬಾತ್ ಉಪ್ಪಿಟ್ಟನ್ನು ಎಂಟು ಕಿಲೋಮೀಟರ್ ಆಚೆಯ ಕೇಟರಿಂಗ್‌ನವರಿಂದ ತರಿಸಿದ್ದೆವು, ಯಾಕಂದರೆ ಹಿಂದಿನ ಖಜಾಂಚಿಗೆ ಅವರು ಪರಿಚಯ.

ಹಾಗಂತ ಎಲ್ಲವನ್ನೂ ಕಣ್ಣುಮುಚ್ಚಿ ಬೀದಿಯವರಿಗೇ ಕೊಡಿ ಅನ್ನುತ್ತಿಲ್ಲ. ದೊಡ್ಡ ಕೆಲಸಕ್ಕೆ ಎರಡು ಕೊಟೇಶನ್ ತಗೊಳ್ಳಿ. ಸಮಿತಿ ಸದಸ್ಯರ ಭಾವಮೈದುನನ ಅಂಗಡಿ ಆಗಿದ್ದರೆ ಆ ಸದಸ್ಯರು ಅವತ್ತಿನ ಚರ್ಚೆಯಿಂದ ಹೊರಗೆ ಕೂರಲಿ, ಅದನ್ನು ನಡಾವಳಿ ಪುಸ್ತಕದಲ್ಲಿ ಬರೆಯಿರಿ. ಇಲ್ಲದಿದ್ದರೆ ಒಂದೇ ವರ್ಷದಲ್ಲಿ ಸಂಘ ಎರಡು ಬಣ ಆಗುತ್ತದೆ.

ಆರ್ಡರ್ ಕೊಟ್ಟರೆ ಸಾಲದು, ದುಡ್ಡು ಕೊಡಬೇಕು. ಸಂಘಗಳು ಎಡವುವುದು ಇಲ್ಲೇ. ಖಜಾಂಚಿ ಊರಲ್ಲಿಲ್ಲ, ಚೆಕ್ಕಿಗೆ ಎರಡು ಸಹಿ ಬೇಕು, ಮುಂದಿನ ಸಭೆಯಲ್ಲಿ ಪಾಸ್ ಆಗಬೇಕು ಅಂತ ಹೇಳುತ್ತಾ ಶಾಮಿಯಾನದವರನ್ನು ನಲವತ್ತು ದಿನ ಓಡಾಡಿಸಿದ್ದೇವೆ. ದೊಡ್ಡ ಕಂಪನಿ ಆದರೆ ತಡೆದುಕೊಳ್ಳುತ್ತದೆ. ಇವರು ಶಾಮಿಯಾನ ಕಟ್ಟಿದ ಹುಡುಗರ ಕೂಲಿಯನ್ನು ಸಾಲ ತಂದು ಕೊಟ್ಟಿರುತ್ತಾರೆ. ನಾವು ಕೊನೆಗೆ ಒಂದು ಠರಾವು ಮಾಡಿಕೊಂಡೆವು: 5,000 ರೂಪಾಯಿ ತನಕದ ಬಿಲ್ಲನ್ನು ಖಜಾಂಚಿ ಅವತ್ತೇ ಕೊಡಬಹುದು, ಮುಂದಿನ ಸಭೆಯಲ್ಲಿ ಒಪ್ಪಿಗೆ ಪಡೆದರಾಯಿತು. ಅದಕ್ಕಿಂತ ದೊಡ್ಡದಕ್ಕೆ ಅರ್ಧ ಅಡ್ವಾನ್ಸ್, ಉಳಿದದ್ದು ಒಂದು ವಾರದೊಳಗೆ. ನಿಮ್ಮ ಬೈಲಾದಲ್ಲಿ ಇದಕ್ಕೆ ಅವಕಾಶ ಇದೆಯಾ ನೋಡಿಕೊಳ್ಳಿ, ಇಲ್ಲದಿದ್ದರೆ ವಾರ್ಷಿಕ ಸಭೆಯಲ್ಲಿ ಸರಿಮಾಡಿಸಿ.

‘ಸಂಘಕ್ಕೆ ಅಂದ್ರೆ ಸ್ವಲ್ಪ ನೋಡಿಕೊಂಡು ಹಾಕಿ’ ಅನ್ನುವ ಚಟವನ್ನೂ ಬಿಡಬೇಕು. ಹಬ್ಬದ ಚಂದಾ ವಿಷಯವೂ ಅಷ್ಟೇ. ತಳ್ಳುಗಾಡಿಯವರ ಮುಂದೆ ರಸೀದಿ ಪುಸ್ತಕ ಹಿಡಿದು ನಿಂತರೆ ಅವರು ಇಲ್ಲ ಅನ್ನೋಕೆ ಆಗುತ್ತಾ? ಕೊಡಲೇಬೇಕು, ನಾಳೆ ಅಲ್ಲೇ ನಿಲ್ಲಬೇಕಲ್ಲ. ಅಂಥ ಚಂದಾಕ್ಕೂ ಮಾಮೂಲಿಗೂ ಏನು ವ್ಯತ್ಯಾಸ ಅಂತ ನಮ್ಮ ಸಭೆಯಲ್ಲಿ ಒಬ್ಬರು ಕೇಳಿದಾಗ ಯಾರೂ ಬಾಯಿ ಬಿಡಲಿಲ್ಲ.

ಕಾಗದ ಪತ್ರ: ಸಂಘಕ್ಕೆ ಸುಲಭ, ಅವರಿಗೆ ಕಷ್ಟ

ನಮ್ಮಲ್ಲಿ ನಿವೃತ್ತ ಬ್ಯಾಂಕ್‌ನವರು, ಲೆಕ್ಕ ಪರಿಶೋಧಕರು, ವಕೀಲರು, ಕಂಪ್ಯೂಟರ್ ಗೊತ್ತಿರುವ ಮಕ್ಕಳು ಇದ್ದಾರೆ. ಪ್ರತಿ ಬಡಾವಣೆಯಲ್ಲೂ ಇರುತ್ತಾರೆ. ತಿಂಗಳಿಗೊಂದು ಮಧ್ಯಾಹ್ನ ಎರಡು ಗಂಟೆ ಕೊಟ್ಟರೆ ಸಾಕು. ಏನೇನು ಮಾಡಬಹುದು ಅಂತ ಹೇಳುತ್ತೇನೆ.

ಬೀದಿ ವ್ಯಾಪಾರಿಗಳಿಗೆ 2014ರ ಕಾಯ್ದೆ ಇದೆ. ಅದರ ಪ್ರಕಾರ ಸಮೀಕ್ಷೆ ಮಾಡಿ, ವ್ಯಾಪಾರ ಪ್ರಮಾಣಪತ್ರ ಕೊಡಬೇಕು. ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವ ತನಕ ಇದ್ದವರನ್ನು ಎಬ್ಬಿಸುವಂತಿಲ್ಲ. ಎಬ್ಬಿಸಬೇಕಾದರೆ 30 ದಿನದ ನೋಟಿಸ್ ಬೇಕು. ಸಾಮಾನು ಜಪ್ತಿ ಮಾಡಿದರೆ ಪಟ್ಟಿ ಕೊಡಬೇಕು. ಅದನ್ನು ಕೇಳಿ ಹೋದಾಗ ಹಣ್ಣು ತರಕಾರಿಯಂಥದ್ದನ್ನು ಅವತ್ತೇ ಬಿಡಬೇಕು, ಬೇರೆಯದನ್ನು ಎರಡು ಕೆಲಸದ ದಿನದೊಳಗೆ. ಇದು ನಮಗೆ ಆಗ ಗೊತ್ತಿರಲಿಲ್ಲ. ಇಸ್ತ್ರಿ ಗಾಡಿ ಬಿಡಿಸಿಕೊಂಡು ಬರೋಕೆ ಒಂಬತ್ತು ದಿನ ಹಿಡಿಯಿತು, ಅಷ್ಟು ದಿನ ಅವರಿಗೆ ದುಡಿಮೆ ಇಲ್ಲ. ಈ ನಾಲ್ಕು ಸಾಲನ್ನು ಕನ್ನಡದಲ್ಲಿ ಒಂದು ಹಾಳೆಯಲ್ಲಿ ಪ್ರಿಂಟ್ ಮಾಡಿ, ಲ್ಯಾಮಿನೇಷನ್ ಮಾಡಿಸಿ ಎಲ್ಲಾ ಗಾಡಿಯವರಿಗೂ ಕೊಡಿ. ಇನ್ನೊಂದು ವಿಷಯ, ಆ ಕಾಯ್ದೆಯಲ್ಲಿ ಪಟ್ಟಣ ವ್ಯಾಪಾರ ಸಮಿತಿ ಅಂತ ಇದೆ. ಅದರಲ್ಲಿ ಕನಿಷ್ಠ ಶೇಕಡಾ 40 ಭಾಗ ಬೀದಿ ವ್ಯಾಪಾರಿಗಳೇ ಇರಬೇಕು. ನಾಮನಿರ್ದೇಶನ ಆಗುವ ಸದಸ್ಯರಲ್ಲಿ ನಿವಾಸಿಗಳ ಸಂಘದವರಿಗೂ ಜಾಗ ಇದೆ. ಹೆಚ್ಚಿನ ಸಂಘಗಳು ಆ ಕುರ್ಚಿಯನ್ನು ಗಾಡಿ ಎತ್ತಿಸೋಕೆ ಬಳಸುವ ಯೋಚನೆಯಲ್ಲೇ ಇರುತ್ತವೆ. ಜಾಗ ಗುರುತಿಸೋಕೆ ಬಳಸಿ ಅಂತ ನನ್ನ ವಿನಂತಿ.

ಸಾಲದ ಕಥೆ ಗೊತ್ತಿರೋದೇ. ಬೆಳಗ್ಗೆ ಒಂಬೈನೂರು ಕೊಟ್ಟು ಸಂಜೆ ಸಾವಿರ ವಸೂಲಿ ಮಾಡುವ ಬಡ್ಡಿಯವರು ಮಾರ್ಕೆಟ್ ಹತ್ತಿರ ಇವತ್ತಿಗೂ ಇದ್ದಾರೆ. ಇದಕ್ಕೆ ಬದಲು ಬೀದಿ ವ್ಯಾಪಾರಿಗಳಿಗೆ ಸಾಲ ಕೊಡಿಸುವ, 2020ರಲ್ಲಿ ಶುರುವಾದ ಕೇಂದ್ರದ ಯೋಜನೆ ಪಿಎಂ ಸ್ವನಿಧಿ ಇದೆ. 2025ರಲ್ಲಿ ಸಾಲದ ಕಂತುಗಳನ್ನು 15,000, 25,000, 50,000 ರೂಪಾಯಿ ಅಂತ ಮಾಡಿದರು. ಸರಿಯಾಗಿ ಕಟ್ಟಿದವರಿಗೆ ಶೇಕಡಾ 7ರಷ್ಟು ಬಡ್ಡಿ ಸಹಾಯಧನ ಬರುತ್ತದೆ. ಪ್ರಮಾಣಪತ್ರ ಇಲ್ಲದವರು ಪಾಲಿಕೆಯಿಂದ ಶಿಫಾರಸು ಪತ್ರ ತರಬೇಕು. ಇಲ್ಲೇ ಅವರು ಕೈಬಿಡುವುದು, ಯಾಕಂದರೆ ಒಂದು ದಿನ ಕಚೇರಿಗೆ ಹೋದರೆ ಒಂದು ದಿನದ ವ್ಯಾಪಾರ ಹೋಯಿತು. ಸಂಘದಿಂದ ಒಬ್ಬರು ಆರೇಳು ಜನರ ಅರ್ಜಿ ಒಟ್ಟಿಗೆ ತಗೊಂಡು ಹೋಗಬಹುದು. ಬೆಂಗಳೂರಿನಲ್ಲಿ 2025ರ ಸೆಪ್ಟೆಂಬರ್‌ನಿಂದ ಐದು ಪಾಲಿಕೆಗಳಾಗಿವೆ. ನಿಮ್ಮ ಬೀದಿ ಯಾವುದಕ್ಕೆ ಸೇರುತ್ತದೆ ಅಂತ ಮೊದಲೇ ನೋಡಿಕೊಳ್ಳಿ, ನಾನು ಎರಡು ಸಲ ಸುಮ್ನೆ ಬೇರೆ ಕಚೇರಿಗೆ ಅಲೆದೆ.

ಟೈಲರ್, ಕ್ಷೌರಿಕರು, ಚಪ್ಪಲಿ ಹೊಲಿಯುವವರು, ಬಟ್ಟೆ ಒಗೆಯುವವರು, ಹೂಮಾಲೆ ಕಟ್ಟುವವರು ಇವರಿಗೆಲ್ಲ 2023ರ ವಿಶ್ವಕರ್ಮ ಯೋಜನೆ ಇದೆ. 18 ಕಸುಬುಗಳು ಅದರಲ್ಲಿವೆ. ತರಬೇತಿ, 15,000 ರೂಪಾಯಿವರೆಗಿನ ಸಲಕರಣೆ, ಶೇಕಡಾ 5ರ ಬಡ್ಡಿಯಲ್ಲಿ ಸಾಲ. ಸಣ್ಣ ಉದ್ದಿಮೆಗಳ ಸರ್ಕಾರಿ ನೋಂದಣಿ, ಅಂದರೆ ಉದ್ಯಮ್ ನೋಂದಣಿಗೆ ಒಂದು ಪೈಸೆಯೂ ಶುಲ್ಕ ಇಲ್ಲ, ಆಧಾರ್, ಪ್ಯಾನ್ ಇದ್ದರೆ ಫೋನಿನಲ್ಲೇ ಆಗುತ್ತದೆ. ನಮ್ಮ ಟೈಲರ್ ಯಾವನೋ ಏಜೆಂಟನಿಗೆ ಎರಡೂವರೆ ಸಾವಿರ ಕೊಟ್ಟಿದ್ದರು, ಪಾಪ. ಮನೆಯಲ್ಲಿ ಚಕ್ಕುಲಿ, ಹೋಳಿಗೆ, ಚಟ್ನಿಪುಡಿ ಮಾಡಿ ಮಾರುವವರಿಗೂ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನೋಂದಣಿ ಬೇಕು. ಸಣ್ಣವರ ನೋಂದಣಿಗೆ ಶುಲ್ಕ ವರ್ಷಕ್ಕೆ 100 ರೂಪಾಯಿ.

ಇನ್ನು ಜಿಎಸ್‌ಟಿ. 2025ರ ಜುಲೈ ನೆನಪಿದೆ ಅಲ್ವಾ? ಯುಪಿಐ ಲೆಕ್ಕ ನೋಡಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿತು. ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರಿಗೆ 29 ಲಕ್ಷ ಕಟ್ಟಿ ಅಂತ ಬಂದಿತ್ತು. ಬೆಂಗಳೂರಿನ ಬೀದಿ ಬೀದಿಯಲ್ಲಿ ಕ್ಯೂಆರ್ ಕೋಡ್ ಕಿತ್ತು ‘ನೋ ಯುಪಿಐ, ಓನ್ಲಿ ಕ್ಯಾಶ್’ ಅಂತ ಬೋರ್ಡ್ ನೇತುಹಾಕಿದರು. ಕೊನೆಗೆ ಮುಖ್ಯಮಂತ್ರಿಗಳೇ ವ್ಯಾಪಾರಿಗಳ ಜೊತೆ ಕೂತು ಮಾತಾಡಬೇಕಾಯಿತು. ಆ ವಾರ ನಮ್ಮ ಬೇಕರಿಯವರು ನಿದ್ದೆ ಮಾಡಿರಲಿಲ್ಲ. ಆಗ ನಮ್ಮ ಸಂಘದ ಒಬ್ಬ ಲೆಕ್ಕ ಪರಿಶೋಧಕರು ಒಂದು ಭಾನುವಾರ ಎಲ್ಲರನ್ನೂ ಕೂರಿಸಿಕೊಂಡು ಹೇಳಿದ್ದು ಇಷ್ಟೇ: ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷ, ಸೇವೆ ಕೊಡುವವರಿಗೆ 20 ಲಕ್ಷ ದಾಟಿದರೆ ನೋಂದಣಿ. ತಾಜಾ ತರಕಾರಿ, ಹಾಲಿನಂಥ ತೆರಿಗೆ ಇಲ್ಲದ ಸಾಮಾನು ಮಾತ್ರ ಮಾರುವವರಿಗೆ ನೋಂದಣಿ ಬೇಕಿಲ್ಲ. ಎಷ್ಟೋ ಜನರ ಅಂಗಡಿ ಕ್ಯೂಆರ್‌ಗೆ ತಂಗಿ ಮದುವೆಯ ಕೈಸಾಲ, ಚೀಟಿ ದುಡ್ಡು, ಊರಿಂದ ಅಣ್ಣ ಕಳಿಸಿದ್ದು ಎಲ್ಲಾ ಬಂದು ಬಿದ್ದಿತ್ತು, ಇಲಾಖೆಯ ಲೆಕ್ಕದಲ್ಲಿ ಅದೆಲ್ಲ ವ್ಯಾಪಾರ. ಹಾಗಾಗಿ ಅಂಗಡಿಗೊಂದು ಖಾತೆ, ಮನೆಗೊಂದು ಖಾತೆ. ಖರೀದಿ ಬಿಲ್ ಒಂದು ಡಬ್ಬಿಗೆ ಹಾಕಿಡಿ. ಇಷ್ಟನ್ನು ಕಲಿಸಿಕೊಡೋಕೆ ಸಂಘಕ್ಕೆ ಖರ್ಚಾಗಿದ್ದು ಹದಿನೆಂಟು ಟೀ.

ಅಂಗಡಿ ಬೋರ್ಡ್‌ನಲ್ಲಿ ಶೇಕಡಾ 60 ಭಾಗ ಕನ್ನಡ ಇರಬೇಕು ಅಂತ 2024ರಲ್ಲಿ ಕಾಯ್ದೆ ತಿದ್ದುಪಡಿ ಆಯಿತಲ್ಲ, ಆಗ ಎಂಟು ಅಂಗಡಿಯವರನ್ನು ಸೇರಿಸಿ ನಮ್ಮಲ್ಲೇ ಇರುವ ಪೇಂಟರ್‌ಗೆ ಒಟ್ಟಿಗೆ ಕೆಲಸ ಕೊಡಿಸಿದೆವು. ರೇಟೂ ಇಳಿಯಿತು, ಕಾಗುಣಿತವೂ ಸರಿ ಇದೆ. ‘ಶೃಂಗಾರ ಬ್ಯಾಂಗಲ್ಸ್’ ಮಾತ್ರ ‘ಶ್ರುಂಗಾರ’ ಆಗಿತ್ತು, ಮೇಷ್ಟರೊಬ್ಬರು ಏಣಿ ಕೆಳಗೇ ನಿಂತು ತಿದ್ದಿಸಿದರು.

ಗೇಟು ಮತ್ತು ವಾಟ್ಸಾಪ್

ಹತ್ತು ನಿಮಿಷದಲ್ಲಿ ಸಾಮಾನು ತರುವ ಆಪ್‌ಗಳ ಕಾಲದಲ್ಲಿ ‘ಸ್ಥಳೀಯರನ್ನು ಬೆಂಬಲಿಸಿ’ ಅಂತ ಮೆಸೇಜ್ ಹಾಕಿದರೆ ಯಾರೂ ಬದಲಾಗಲ್ಲ. ನಾನೂ ಬದಲಾಗಿಲ್ಲ, ಮಳೆ ಬಂದರೆ ಆಪ್ ತೆಗೆಯುತ್ತೇನೆ. ಆದರೆ ಒಂದು ಅನ್ಯಾಯ ಕಣ್ಣಿಗೆ ಬಿತ್ತು. ನಮ್ಮ ಬಡಾವಣೆಯ ಅಪಾರ್ಟ್‌ಮೆಂಟ್‌ಗಳಲ್ಲಿ ಆಪ್ ಹುಡುಗ ಬಂದರೆ ಗೇಟು ತೆರೆಯುತ್ತದೆ. ಇಪ್ಪತ್ತು ವರ್ಷದಿಂದ ಸೊಪ್ಪು ಮಾರುವ ಅಜ್ಜಿ ಬಂದರೆ ವಾಚ್‌ಮನ್ ತಡೆಯುತ್ತಾನೆ. ಅವನ ತಪ್ಪಲ್ಲ, ಹಾಗೆ ಹೇಳಿಟ್ಟಿದ್ದಾರೆ. ಬಡಾವಣೆ ಸಂಘದವರು ಅಪಾರ್ಟ್‌ಮೆಂಟ್ ಸಂಘದವರ ಹತ್ತಿರ ಮಾತಾಡಿ, ದಿನಾ ಬರುವ ಹಾಲು, ಸೊಪ್ಪು, ಹೂವು, ಇಸ್ತ್ರಿಯವರಿಗೆ ಒಂದು ಗುರುತಿನ ಚೀಟಿ ಮಾಡಿಕೊಡಿ. ಲಿಫ್ಟ್ ಬಳಸಬಹುದು ಅಂತಲೂ ಹೇಳಿಸಿ. ನಾಲ್ಕನೇ ಮಹಡಿಗೆ ಬುಟ್ಟಿ ಹೊತ್ತು ಹತ್ತಿಸುವುದು ಯಾವ ಸೀಮೆ ನ್ಯಾಯ.

ವಾಟ್ಸಾಪ್‌ನಲ್ಲಿ ಒಂದೇ ಒಂದು ಮೆಸೇಜ್ ಪಿನ್ ಮಾಡಿ. ಅಂಗಡಿ, ಏನು ಸಿಗುತ್ತದೆ, ಎಷ್ಟು ಗಂಟೆಯಿಂದ ಎಷ್ಟು ಗಂಟೆ, ಯಾವ ದಿನ ರಜಾ, ಮನೆಗೆ ಕಳಿಸುತ್ತಾರಾ. ಫೋನ್ ನಂಬರ್ ಅವರನ್ನು ಕೇಳಿಯೇ ಹಾಕಿ. ನಮ್ಮ ಹಿಟ್ಟಿನ ಗಿರಣಿಯವರು ಗುರುವಾರ ಬರೀ ರಾಗಿ ಬೀಸುತ್ತಾರೆ, ಅವತ್ತು ಬೇರೆ ಹಿಟ್ಟು ಬೆರೆಯಲ್ಲ. ಇದು ಎರಡು ಬೀದಿ ಆಚೆಯವರಿಗೆ ಗೊತ್ತೇ ಇರಲಿಲ್ಲ, ಪಟ್ಟಿಯಲ್ಲಿ ಹಾಕಿದ ಮೇಲೆ ಗುರುವಾರ ಡಬ್ಬಿಗಳ ಸಾಲು ನಿಲ್ಲುತ್ತದೆ. ಯಾರದ್ದಾದರೂ ಸಾಮಾನು ಕೆಟ್ಟಿದ್ದರೆ ಗುಂಪಿನಲ್ಲಿ ಫೋಟೋ ಹಾಕಿ ಮಾನ ಕಳೆಯುವ ಬದಲು ಅಂಗಡಿಗೆ ಹೋಗಿ ಹೇಳಿ ಅನ್ನುವುದು ಗುಂಪಿನ ನಿಯಮವಾಗಲಿ.

ರಸ್ತೆ ಅಗೆಯುವ ಕೆಲಸ ಬಂದರೆ ಸಂಘ ತಕ್ಷಣ ಏಳಬೇಕು. ಕಾಂಟ್ರಾಕ್ಟರ್ ಹತ್ತಿರ ದಿನಾಂಕ ಕೇಳಿ ಅಂಗಡಿಯವರಿಗೆ ಮೊದಲೇ ತಿಳಿಸಿ, ಪ್ರತಿ ಅಂಗಡಿ ಮುಂದೆ ಹಲಗೆ ಹಾಕಿಸಿ, ಅಂಗಡಿ ತೆರೆದಿದೆ ಅಂತ ತಿರುವಿನಲ್ಲಿ ಒಂದು ಬೋರ್ಡ್ ನಿಲ್ಲಿಸಿ. ಗುಂಡಿ ಆಚೆ ಅಂಗಡಿ ಇದ್ದರೆ ಗಿರಾಕಿ ಇಣುಕಿಯೂ ನೋಡಲ್ಲ.

ಸಂತೆ ಮಾಡಲೇಬೇಕು ಅಂದರೆ

ಪಾರ್ಕಿನಲ್ಲಿ ಬೇಡ. ಉದ್ಯಾನ, ಆಟದ ಮೈದಾನಗಳ ರಕ್ಷಣೆಗೆ 1985ರ ಕಾಯ್ದೆ ಇದೆ, ಅಲ್ಲಿ ವ್ಯಾಪಾರ ಮಾಡಿದರೆ ಕೋರ್ಟಿಗೆ ಹೋಗುವವರು ನಿಮ್ಮ ಬಡಾವಣೆಯಲ್ಲೇ ಇರುತ್ತಾರೆ. ಶಾಲೆಯ ಅಂಗಳ ಅಥವಾ ಸಮುದಾಯ ಭವನ ನೋಡಿ. ರಸ್ತೆಯಲ್ಲಾದರೆ ಪಾಲಿಕೆ, ಸಂಚಾರ ಪೊಲೀಸ್ ಇಬ್ಬರ ಅನುಮತಿಯೂ ಬೇಕು, ಮೈಕಿಗೆ ಬೇರೆ. ಸಂಬಳ ಬಂದ ಮೊದಲ ಭಾನುವಾರ, ಬೆಳಗ್ಗೆ ಏಳೂವರೆಯಿಂದ ಹನ್ನೊಂದು, ಅಷ್ಟೇ ಸಾಕು.

ನಮ್ಮ ಮೊದಲ ಸಂತೆ ನೋಡೋಕೆ ಭರ್ಜರಿಯಾಗಿತ್ತು. ನಲವತ್ತು ಮಳಿಗೆ, ಡ್ರೋನ್ ಫೋಟೋ. ಮಳಿಗೆಗೆ ಎರಡು ಸಾವಿರ ಬಾಡಿಗೆ ಇಟ್ಟಿದ್ದರಿಂದ ಬಂದವರೆಲ್ಲ ಹೊರಗಿನವರು, ಸುವಾಸನೆ ಮೇಣದಬತ್ತಿ, ನೂರೈವತ್ತು ರೂಪಾಯಿ ಜ್ಯೂಸ್. ಅವತ್ತು ನಮ್ಮ ದರ್ಶಿನಿಯಲ್ಲಿ ಮಾಡಿದ್ದ ಚೌಚೌಬಾತ್ ಅರ್ಧ ಹಾಗೇ ಉಳಿಯಿತಂತೆ. ಅವರು ಬೈಯಲಿಲ್ಲ, ಮಾರನೇ ದಿನ ನಾನು ಕಾಫಿಗೆ ಹೋದಾಗ ‘ಸಂತೆ ಚೆನ್ನಾಗಾಯ್ತಂತೆ’ ಅಂದರು. ಬೈದಿದ್ದರೇ ವಾಸಿಯಿತ್ತು.

ಎರಡನೇ ಸಲ ನಿಯಮ ಬದಲಿಸಿದೆವು. ಬಡಾವಣೆಯ ಅಂಗಡಿ, ಗಾಡಿ, ಮನೆಯಲ್ಲಿ ಮಾಡಿ ಮಾರುವವರಿಗೆ ಜಾಗ ಉಚಿತ, ಉಳಿದರೆ ಮಾತ್ರ ಹೊರಗಿನವರಿಗೆ ಬಾಡಿಗೆಗೆ. ಇದ್ದ ಅಂಗಡಿ ಎದುರು ಅದೇ ಸಾಮಾನಿನ ಮಳಿಗೆ ಇಲ್ಲ. ತಿಂಡಿಗೆ ಸ್ಟೀಲ್ ತಟ್ಟೆ ಲೋಟ. ನೂರು ತಟ್ಟೆ ಸಂಘವೇ ಕೊಂಡಿಟ್ಟಿದೆ, ಗೃಹಪ್ರವೇಶ, ನಾಮಕರಣಕ್ಕೂ ಹೋಗುತ್ತವೆ. ತೊಳೆಯುವ ಇಬ್ಬರಿಗೆ ಕೂಲಿ ಸಂಘದ್ದು. ಒಟ್ಟು ಮಳಿಗೆ ಹದಿನಾಲ್ಕು, ಡ್ರೋನ್ ಇಲ್ಲ.

ಫುಟ್‌ಪಾತ್ ಜಗಳ ಇದ್ದೇ ಇರುತ್ತದೆ

ನಡೆಯುವವರ ಹಕ್ಕನ್ನು ನಾನು ತಳ್ಳಿಹಾಕುತ್ತಿಲ್ಲ. ನಮ್ಮಮ್ಮ ವಾಕರ್ ಹಿಡಿದು ನಡೆಯುವವರು, ಜಾಗ ಇಲ್ಲದೆ ರಸ್ತೆಗೆ ಇಳಿದರೆ ನನಗೂ ಎದೆ ಹೊಡೆದುಕೊಳ್ಳುತ್ತದೆ. ನಾವು ಮಾಡಿದ್ದು, ಒಂದು ಸಂಜೆ ಗಾಡಿಯವರನ್ನೂ ಇಬ್ಬರು ಹಿರಿಯರನ್ನೂ ಒಟ್ಟಿಗೆ ನಿಲ್ಲಿಸಿ, ವಾಕರ್ ಸರಾಗವಾಗಿ ಹೋಗುವಷ್ಟು ಜಾಗ ಬಿಟ್ಟು ಸೀಮೆಸುಣ್ಣದಲ್ಲಿ ಗೆರೆ ಎಳೆದೆವು. ಗೆರೆ ದಾಟಿದರೆ ಮೊದಲು ಸಂಘದವರು ಬಂದು ಹೇಳಬೇಕು, ಆಮೇಲೆ ದೂರು. ಕಸಕ್ಕೆ ಪ್ರತಿ ಗಾಡಿಗೊಂದು ಬಕೆಟ್. ವಾರಕ್ಕೊಮ್ಮೆ ಯಾರಾದರೂ ದಾಟುತ್ತಾರೆ, ಹೇಳಿದರೆ ಸರಿಯುತ್ತಾರೆ, ಅಂಗಡಿ ಮುಂದೆ ಬೈಕ್ ನಿಲ್ಲಿಸುವ ನಮ್ಮವರೇ ಸರಿಯಲ್ಲ.

ಬಾಡಿಗೆ ಏರಿಕೆ ವಿಷಯದಲ್ಲಿ ಮಾತ್ರ ಸಂಘದ ಕೈ ಚಿಕ್ಕದು. ಹಳೆಯ ಸೈಕಲ್ ಶಾಪ್ ಹೋಯಿತು, ಕಟ್ಟಡದ ಮಾಲೀಕರ ಹತ್ತಿರ ಎರಡು ಸಲ ಮಾತಾಡಿದೆವು, ಆಗಲಿಲ್ಲ. ಈಗ ಸೈಕಲ್ ಶಾಪಿನವರು ಭಾನುವಾರ ಮಾತ್ರ ಸಂಘದ ಕಚೇರಿ ಜಗುಲಿಯಲ್ಲಿ ಪಂಕ್ಚರ್ ಹಾಕುತ್ತಾರೆ.

ಇಷ್ಟರಲ್ಲಿ ಒಂದೇ ಒಂದು ಮಾಡೋಕೆ ಟೈಮ್ ಇದೆ ಅಂದರೆ, ಪ್ರತಿ ತಿಂಗಳ ಸಭೆಯ ವಿಷಯಪಟ್ಟಿಯಲ್ಲಿ ಮೊದಲ ಸಾಲಾಗಿ ಇದನ್ನು ಬರೆಯಿರಿ: ಸಂಘದಿಂದ ಯಾರಿಗೆ ಎಷ್ಟು ಬಾಕಿ ಇದೆ. ಎಲ್ಲರ ಎದುರು ಜೋರಾಗಿ ಓದಿ. ಹೋದ ಸಲ ನಮ್ಮ ಪಟ್ಟಿಯಲ್ಲಿ ಎರಡೇ ಇದ್ದವು. ಶಾಮಿಯಾನಕ್ಕೆ 1,800. ರಾಜ್ಯೋತ್ಸವದ ಬಾವುಟ ಇಸ್ತ್ರಿ ಮಾಡಿದ್ದಕ್ಕೆ ಹೊಂಗೆ ಮರದ ಕೆಳಗಿನ ಗಾಡಿಯವರಿಗೆ 20 ರೂಪಾಯಿ.